ದ್ವೀಪದಲ್ಲಿ ವಕೀಲರಿಲ್ಲ, ಶಾಲೆಯವರು ಮಗನನ್ನು ಕೂರಿಸಿಕೊಳ್ಳುತ್ತಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಾವು ಮಂಗಳೂರಿನ ಬಂದರು ಕಡೆಯವರು. ನನ್ನ ತಂಗಿಯನ್ನು ಲಕ್ಷದ್ವೀಪದ ಕಡಮತ್‌ಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಅವಳ ಮಗನಿಗೆ 11 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ನಡೆಯಲು ಆಗುವುದಿಲ್ಲ, ಮಾತು ಸ್ವಲ್ಪ ತೊದಲು, ಆದರೆ ಬುದ್ಧಿ ಚುರುಕು. ಚಿಕ್ಕವನಿದ್ದಾಗ ಇಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಮಾಡಿಸಿದ್ದೆವು. ಈ ವರ್ಷ ಶಾಲೆಯವರು "ಮನೆಯಲ್ಲೇ ಇರಲಿ, ಹಾಜರಿ ನಾವು ನೋಡಿಕೊಳ್ತೇವೆ" ಅಂತ ಹೇಳಿಬಿಟ್ಟಿದ್ದಾರೆ. ಅಂಗವೈಕಲ್ಯ ಪ್ರಮಾಣಪತ್ರದ ಅವಧಿಯೂ ಮುಗಿದಿದೆ. ಹೊಸದಕ್ಕೆ ಲಕ್ಷದ್ವೀಪದ ರಾಜಧಾನಿ ಕವರತ್ತಿಗೆ ಕರೆದುಕೊಂಡು ಬನ್ನಿ ಅನ್ನುತ್ತಾರೆ. ಹಡಗಿನಿಂದ ದೋಣಿಗೆ ಇಳಿಸುವಾಗ ಒಮ್ಮೆ ಬೀಳುವ ಹಾಗಾಗಿ ಹುಡುಗ ಹೆದರಿದ್ದಾನೆ, ತಂಗಿ ಇನ್ನೂ ಹೆದರಿದ್ದಾಳೆ. ಅವರ ದ್ವೀಪದಲ್ಲಿ ವಕೀಲರು ಯಾರೂ ಇಲ್ಲ. ನಾನು ಮಂಗಳೂರಿನಲ್ಲೇ ಕೇಸು ಹಾಕಬಹುದಾ?

ಉತ್ತರ: ಮಂಗಳೂರಿನಲ್ಲಿ ಕೇಸು ಹಾಕಲು ಬರುವುದಿಲ್ಲ. ಆದರೆ ಮಂಗಳೂರಿನಲ್ಲೇ ಕೂತು ನೀವು ಮಾಡಬಹುದಾದ ಕೆಲಸ ಬಹಳ ಇದೆ, ಅದರಲ್ಲಿ ಹೆಚ್ಚಿನದಕ್ಕೆ ದುಡ್ಡೂ ಬೇಡ.

ಇದೇ ಪ್ರಶ್ನೆಯನ್ನು 1955ರಲ್ಲಿ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದೂ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಯಿತು. ಈಗ ಅಲ್ಲಿಗೆ ಕೇರಳ ಹೈಕೋರ್ಟೇ ಹೈಕೋರ್ಟ್. 2021ರಲ್ಲಿ ಆ ವ್ಯಾಪ್ತಿಯನ್ನು ಕರ್ನಾಟಕ ಹೈಕೋರ್ಟಿಗೆ ಬದಲಾಯಿಸುವ ಯೋಚನೆ ಇದೆ ಅಂತ ಸುದ್ದಿ ಹಬ್ಬಿತ್ತು, ಅಲ್ಲಿನ ಆಡಳಿತ ಅದನ್ನು ಅಲ್ಲಗಳೆಯಿತು. ಸಂಸತ್ತು ಕಾನೂನು ಮಾಡದೆ ಅದು ಆಗುವಂಥದ್ದೂ ಅಲ್ಲ. ಆಗದೇ ಇದ್ದದ್ದೇ ಒಳ್ಳೆಯದಾಯಿತು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿನ ಕಚೇರಿ ಕಾಗದ, ಕೋರ್ಟ್ ಕಾಗದ ಎಲ್ಲ ಮಲಯಾಳಂ, ಇಂಗ್ಲಿಷ್‌ನಲ್ಲಿ ಇರುತ್ತವೆ, ಹಡಗೂ ಬಹುಪಾಲು ಕೊಚ್ಚಿಗೇ ಹೋಗುತ್ತದೆ. ಬೆಂಗಳೂರಿಗೆ ಬಂದು ಅವರು ಏನು ಮಾಡಬೇಕಿತ್ತು?

ಈಗ ನಿಮ್ಮ ಅಳಿಯನ ವಿಷಯ. ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು "ಹೇಳಿಬಿಟ್ಟಿದ್ದಾರೆ" ಅನ್ನುವುದು. ಎಲ್ಲವೂ ಬಾಯಿಮಾತು. ಶಾಲೆಯವರು ಬರೆದು ಕೊಟ್ಟಿಲ್ಲ, ನಿಮ್ಮ ತಂಗಿಯೂ ಬರೆದು ಕೇಳಿಲ್ಲ. ದ್ವೀಪದ ಕೇಸುಗಳು ಬಹಳಷ್ಟು ಸಾಯುವುದು ಇಲ್ಲೇ. ಮಗುವನ್ನು ಹಡಗು ಹತ್ತಿಸುವ ಮೊದಲು ಕಾಗದವನ್ನು ಹತ್ತಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕಾಗದಕ್ಕೆ ಅಲೆಯ ಭಯ ಇಲ್ಲ, ಮಳೆಗಾಲದಲ್ಲೂ ಇಮೇಲ್ ಹೋಗುತ್ತದೆ.

ಕಾನೂನು ನಿಮ್ಮ ಪರವಾಗಿ ಗಟ್ಟಿಯಾಗಿಯೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ, 6ರಿಂದ 18 ವರ್ಷದ ಯಾವ ಮಗುವಿಗಾದರೂ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. 16ನೇ ಕಲಂ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಎಲ್ಲ ಮಕ್ಕಳ ಜೊತೆ ಕೂರಿಸಿ ಕಲಿಸುವ ಹೊಣೆ ಹೊರಿಸುತ್ತದೆ. "ಮನೆಯಲ್ಲೇ ಕಲಿಕೆ" ಅನ್ನುವ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯಲ್ಲಿ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಆ ದಾರಿಯನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದ್ದಾರೆ. ಆರಿಸಿಕೊಳ್ಳಬೇಕಾದವರು ಮನೆಯವರು. ಶಾಲೆಯವರು ತಮಗೆ ಅನುಕೂಲ ಅಂತ ಅದನ್ನು ಹೇರುವ ಹಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಾರದ ಹುಡುಗನಿಗೆ ಹಾಜರಿ ಹಾಕಿಬಿಟ್ಟರೆ ದಾಖಲೆಯಲ್ಲಿ ಅವನು ದಿನಾ ಶಾಲೆಯಲ್ಲಿ ಕೂತಿದ್ದಾನೆ. ನಾಳೆ ನೀವು ಕೋರ್ಟಿಗೆ ಹೋದರೆ "ಎಲ್ಲಿ ಬಿಡಿಸಿದ್ದೇವೆ ಸ್ವಾಮಿ, ಹಾಜರಿ ಪುಸ್ತಕ ನೋಡಿ" ಅನ್ನುತ್ತಾರೆ. ಆ ಉಪಕಾರವನ್ನು ತಂಗಿ ಒಪ್ಪಿಕೊಳ್ಳಬಾರದು.

ಆದ್ದರಿಂದ ಮೊದಲ ಕೆಲಸ ಒಂದು ಪುಟದ ಅರ್ಜಿ. ತಂಗಿಯ ಹೆಸರಿನಲ್ಲಿ, ಶಾಲೆಯ ಮುಖ್ಯಸ್ಥರಿಗೆ. ಭಾಷೆ ಮಲಯಾಳಂ ಇರಲಿ, ಒಂದು ಪ್ರತಿ ಇಂಗ್ಲಿಷ್‌ನಲ್ಲಿ ಇರಲಿ. ಒಳಗಿರಬೇಕಾದ ಸಾಲುಗಳು ಸುಮಾರು ಹೀಗೆ:

"ನನ್ನ ಮಗನನ್ನು ಇಂಥ ತಾರೀಖಿನಿಂದ ತರಗತಿಗೆ ಕಳಿಸಬೇಡಿ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದೀರಿ. ಮನೆಯಲ್ಲಿ ಕಲಿಸುವುದಕ್ಕೆ ನಾವು ಒಪ್ಪಿಲ್ಲ. ಅವನು ತರಗತಿಗೆ ಬರಲು ಬೇಕಾಗಿರುವುದು: ನೆಲಮಹಡಿಯಲ್ಲಿ ಕೋಣೆ, ಬಾಗಿಲಲ್ಲಿ ರ‍್ಯಾಂಪ್, ಗಾಲಿಕುರ್ಚಿ ಹೋಗುವಂಥ ಶೌಚಾಲಯ, ಪರೀಕ್ಷೆಗೆ ಬರೆದುಕೊಡುವವರು ಮತ್ತು ಹೆಚ್ಚಿನ ಸಮಯ. ಇವುಗಳಲ್ಲಿ ಯಾವುದಾದರೂ ಆಗುವುದಿಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು."

ಕೊನೆಯ ಸಾಲು ಸುಮ್ನೆ ಹಾಕಿದ್ದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆಯ 2017ರ ನಿಯಮಗಳ ಪ್ರಕಾರ, ತಾರತಮ್ಯದ ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು ಒಂದೋ ಕ್ರಮ ಕೈಗೊಳ್ಳಬೇಕು, ಇಲ್ಲವೇ ತಾವು ಮಾಡಿದ್ದು ಯಾಕೆ ಸರಿ ಅಂತ ಬರಹದಲ್ಲಿ ಉತ್ತರ ಕೊಡಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಇಂಥ ಅನುಕೂಲ ಮಾಡಿಕೊಡುವ ಖರ್ಚನ್ನು ಅಂಗವಿಕಲ ವ್ಯಕ್ತಿಯಿಂದ ಪೂರ್ತಿಯಾಗಲೀ ಸ್ವಲ್ಪವಾಗಲೀ ವಸೂಲಿ ಮಾಡುವಂತಿಲ್ಲ. "ರ‍್ಯಾಂಪಿಗೆ ಸಿಮೆಂಟು ಮಂಗಳೂರಿನಿಂದ ಮಂಜಿಯಲ್ಲಿ (ಸರಕಿನ ದೋಣಿಯಲ್ಲಿ) ಬರಬೇಕು, ದುಬಾರಿ" ಅಂತ ಯಾರಾದರೂ ಅಂದರೆ ಇದನ್ನು ತೋರಿಸಿ. ಅರ್ಜಿಯ ಒಂದು ಪ್ರತಿ ಶಿಕ್ಷಣ ಇಲಾಖೆಗೂ ಹೋಗಲಿ. ಅಂಗವಿಕಲ ಮಕ್ಕಳ ದಾಖಲಾತಿ ಮತ್ತು ಸೌಲಭ್ಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತಲೂ ನಿಯಮ ಇದೆ. ಕೈಯಲ್ಲಿ ಕೊಟ್ಟರೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ಜಗಳ ಬೇಡ, ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೂಡ ಮಾಡಿ.

"ವಿಶೇಷ ಶಿಕ್ಷಕರು ಇಲ್ಲ, ಏನು ಮಾಡೋದು" ಅನ್ನುವ ಉತ್ತರ ಬರುವ ಸಾಧ್ಯತೆ ಇದೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಇದಕ್ಕೆ ಲೆಕ್ಕವನ್ನೇ ಹಾಕಿಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯ ಇರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬ. ಚಿಕ್ಕ ದ್ವೀಪದಲ್ಲಿ 10 ಮಕ್ಕಳು ಇಲ್ಲದೆ ಇರಬಹುದು. ಹಾಗಿದ್ದರೆ ಅಕ್ಕಪಕ್ಕದ ಎರಡು ದ್ವೀಪಗಳಿಗೆ ಒಬ್ಬರನ್ನು ಹಾಕಲಿ. ಅಮಿನಿಗೂ ಕಡಮತ್‌ಗೂ ಎಷ್ಟು ಮಹಾ ದೂರ? ನೀವು ಮಂಗಳೂರಿನಿಂದಲೇ ಒಂದು ಆರ್‌ಟಿಐ ಹಾಕಿ: ವಿಶೇಷ ಶಿಕ್ಷಕರ ಹುದ್ದೆ ಎಷ್ಟು ಮಂಜೂರಾಗಿವೆ, ಎಷ್ಟು ತುಂಬಿವೆ, ಆ ನೋಡಲ್ ಅಧಿಕಾರಿ ಯಾರು, ವೈದ್ಯಕೀಯ ಮಂಡಳಿ ಕಳೆದ ಮೂರು ವರ್ಷದಲ್ಲಿ ಕಡಮತ್‌ಗೆ ಯಾವ್ಯಾವ ದಿನ ಬಂದಿತ್ತು. 10 ರೂಪಾಯಿ ಶುಲ್ಕ, 30 ದಿನದ ಗಡುವು. ಆರ್‌ಟಿಐ ಯಾವ ಪ್ರಜೆಯಾದರೂ ಹಾಕಬಹುದು, ನೀವು ದ್ವೀಪದವರು ಆಗಿರಬೇಕಿಲ್ಲ. ನಿಮ್ಮ ಕೈಯಿಂದ ಆಗುವ ಅತಿ ದೊಡ್ಡ ಸಹಾಯ ಇದೇ ಅಂದುಕೊಳ್ಳಿ.

ಪ್ರಮಾಣಪತ್ರದ ಮಾತಿಗೆ ಬಂದರೆ, ಇಲ್ಲಿ ಮಂಗಳೂರು ನಿಜವಾಗಿ ಕೆಲಸಕ್ಕೆ ಬರುತ್ತದೆ. ನಿಯಮದಲ್ಲಿ ಎರಡು ದಾರಿ ಇವೆ. ಒಂದು, ವಾಸದ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ. ಇನ್ನೊಂದು, ಆ ಅಂಗವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಅಥವಾ ಹಿಂದೆ ಪಡೆದಿದ್ದ ಸರ್ಕಾರಿ ಆಸ್ಪತ್ರೆ. ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ನಿಮ್ಮ ಹತ್ತಿರ ಹಳೆಯ ಚೀಟಿಗಳು ಇರಬೇಕಲ್ಲ. ಹುಡುಕಿ. ಹುಡುಗ ಹೇಗೂ ರಜೆಗೆ ಅಜ್ಜಿ ಮನೆಗೆ ಬರುವುದಿದ್ದರೆ ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್‌ನಲ್ಲಿ ಮೊದಲೇ ಅರ್ಜಿ ಹಾಕಿ, ಆ ವೇಳೆಗೆ ತಪಾಸಣೆ ಆಗುವ ಹಾಗೆ ನೋಡಿಕೊಳ್ಳಿ. ಎಲ್ಲೇ ಕೊಟ್ಟ ಪ್ರಮಾಣಪತ್ರವಾದರೂ ದೇಶದಾದ್ಯಂತ ನಡೆಯುತ್ತದೆ, 2016ರ ಕಾಯ್ದೆಯ 58ನೇ ಕಲಂ ಹಾಗೆ ಹೇಳುತ್ತದೆ. ಸ್ಥಿತಿ ಬದಲಾಗುವ ಸಾಧ್ಯತೆ ಇಲ್ಲ ಅಂತ ವೈದ್ಯರಿಗೆ ಅನಿಸಿದರೆ ಕಾಯಂ ಪ್ರಮಾಣಪತ್ರವನ್ನೇ ಕೊಡಬೇಕು. ಈ ಸಲ ಅದನ್ನೇ ಕೇಳಿ, ಮತ್ತೆ ಮತ್ತೆ ಅಲೆಯುವುದು ತಪ್ಪುತ್ತದೆ. ಕೊಟ್ಟ ಶೇಕಡಾವಾರು ಕಡಿಮೆ ಅನಿಸಿದರೆ 59ನೇ ಕಲಂನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಹುಡುಗ ಮಂಗಳೂರಿಗೆ ಬರುವುದೇ ಇಲ್ಲ ಅಂದರೆ, ವೈದ್ಯಕೀಯ ತಂಡವನ್ನೇ ಕಡಮತ್‌ಗೆ ಕಳಿಸಿ ಅಂತ ಆರೋಗ್ಯ ಇಲಾಖೆಗೆ ಅರ್ಜಿ ಕೊಡಿಸಿ. ನಡೆಯಲಾಗದ ಮಗುವನ್ನು ಸಮುದ್ರ ದಾಟಿಸುವುದಕ್ಕಿಂತ ಇಬ್ಬರು ಡಾಕ್ಟರು ದಾಟುವುದು ಸುಲಭ, ಅಲ್ವಾ?

ಹಡಗಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ದಡದಲ್ಲಿ ಇರುವ ಅಧಿಕಾರಿಗಳಿಗೂ ನ್ಯಾಯಾಧೀಶರಿಗೂ ಇದು ಕಣ್ಣಿಗೆ ಕಟ್ಟಬೇಕು. ಲಕ್ಷದ್ವೀಪದಲ್ಲಿ ಜನ ವಾಸ ಇರುವ ದ್ವೀಪಗಳು 10. ಹಲವು ಕಡೆ ದೊಡ್ಡ ಹಡಗು ದಡಕ್ಕೆ ಬರುವ ಹಾಗಿಲ್ಲ, ಲಗೂನಿನಲ್ಲಿ (ದಡಕ್ಕೂ ಹವಳದ ದಿಬ್ಬಕ್ಕೂ ನಡುವಿನ ನೀರಿನಲ್ಲಿ) ಅಷ್ಟು ಆಳ ಇಲ್ಲ. ಹವಳದ ದಿಬ್ಬದ ಆಚೆ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆಯುತ್ತಾರೆ, ಕೆಳಗೆ ಸಣ್ಣ ದೋಣಿ ಬಂದು ಒರಗುತ್ತದೆ. ದೋಣಿ ಒಂದು ಕ್ಷಣ ಬಾಗಿಲ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಕೆಳಗೆ ಇಳಿಯುತ್ತದೆ. ಏಳುವ ಹೊತ್ತು ನೋಡಿ ಕಾಲಿಡಬೇಕು. ಕಾಲಿಡಲು ಆಗದವರನ್ನು ತೋಳು, ಕಾಲು ಹಿಡಿದು ಎತ್ತಿ ದಾಟಿಸುತ್ತಾರೆ, ಗಾಲಿಕುರ್ಚಿ ಮಡಚಿ ಆಮೇಲೆ ಬರುತ್ತದೆ. ಎತ್ತುವವರು ಒಳ್ಳೆಯವರೇ. ಆದರೆ ಅದು ಅವರ ಒಳ್ಳೆಯತನದ ಮೇಲೆ ನಿಂತಿದೆ, ವ್ಯವಸ್ಥೆಯ ಮೇಲಲ್ಲ.

ಕಾಯ್ದೆಯ 41ನೇ ಕಲಂ ಎಲ್ಲ ಬಗೆಯ ಸಾರಿಗೆಯನ್ನೂ ಒಳಗೊಳ್ಳುತ್ತದೆ. ಹಳೆಯ ವಾಹನಗಳನ್ನು ತಾಂತ್ರಿಕವಾಗಿ ಸಾಧ್ಯ ಇರುವಷ್ಟು, ಸುರಕ್ಷತೆಗೆ ಧಕ್ಕೆ ಬಾರದ ಹಾಗೆ ಮಾರ್ಪಡಿಸಬೇಕು ಅನ್ನುತ್ತದೆ. ಎಲ್ಲ ಹಡಗಿಗೂ ನಾಳೆಯೇ ಲಿಫ್ಟ್ ಹಾಕಿ ಅಂದರೆ ಆಗುವ ಕೆಲಸವಲ್ಲ, ಅದನ್ನು ಕೇಳಲೂ ಬೇಡಿ. ಕೇಳಬೇಕಾದ್ದು ಚಿಕ್ಕದು, ಖಚಿತವಾದದ್ದು: ಬೆಲ್ಟ್ ಇರುವ ಎತ್ತುಕುರ್ಚಿ, ಅದನ್ನು ಬಳಸಲು ಕಲಿತ ಇಬ್ಬರು ಸಿಬ್ಬಂದಿ, ಎಲ್ಲರಿಗಿಂತ ಮೊದಲು ಅಥವಾ ಕೊನೆಗೆ ಅವಸರ ಇಲ್ಲದೆ ಇಳಿಸುವ ಕ್ರಮ, ಟಿಕೆಟ್ ಮಾಡುವಾಗಲೇ ಇದನ್ನು ತಿಳಿಸಲು ಒಂದು ಕಾಲಂ. ಪ್ರಯಾಣಕ್ಕೆ ಮುಂಚೆ ಬಂದರು ಇಲಾಖೆಗೆ ಇಷ್ಟನ್ನು ಬರೆದು ತಿಳಿಸಿ. ಆಮೇಲೂ ಬೀಳಿಸಿದರೆ "ನಮಗೆ ಗೊತ್ತಿರಲಿಲ್ಲ" ಅನ್ನಲು ಅವರಿಗೆ ಬಾಯಿ ಇರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ್ದ ಪ್ರಕರಣ ಕೇಳಿರಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ವಿಮಾನ ಕಂಪನಿಯಿಂದ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಪ್ರಯಾಣದಲ್ಲಿ ಘನತೆಯಿಂದ ನಡೆಸಿಕೊಳ್ಳುವುದು ಹಕ್ಕು ಅಂತ ಆ ತೀರ್ಪು ಹೇಳಿದ್ದು ವಿಮಾನಕ್ಕೆ ಮಾತ್ರ ಅಂತ ಓದಬೇಕಾಗಿಲ್ಲ. 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪೂ ಜೊತೆಗಿದೆ. ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಬೇಕು ಅಂತ ಅಲ್ಲಿ ಕೋರ್ಟ್ ಕೇಂದ್ರಕ್ಕೆ ಹೇಳಿತು.

ವಕೀಲರ ವಿಷಯ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ನೋಡಿದರೆ, ಅಂಗವಿಕಲ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಕ್ಕಳಿಗೂ ಸಿಗುತ್ತದೆ, ಹೆಂಗಸರಿಗೂ ಸಿಗುತ್ತದೆ. ಅಂದರೆ ನಿಮ್ಮ ಅಳಿಯನಿಗೆ ಎರಡು ಕಾರಣಕ್ಕೆ, ತಂಗಿಗೆ ಒಂದು ಕಾರಣಕ್ಕೆ. ಪರಿಶಿಷ್ಟ ಪಂಗಡದವರಿಗೂ ಸಿಗುತ್ತದೆ, ಆದರೆ ಆ ಕಾಗದವನ್ನು ಇಲ್ಲಿ ನೆಚ್ಚಬೇಡಿ. ಲಕ್ಷದ್ವೀಪದಲ್ಲಿ ಆ ಪಟ್ಟಿಗೆ ಸೇರಲು ತಂದೆ ತಾಯಿ ಇಬ್ಬರೂ ದ್ವೀಪದಲ್ಲಿ ಹುಟ್ಟಿದವರಾಗಿರಬೇಕು ಅನ್ನುವುದು ಮೂಲ ನಿಯಮ, ತಾಯಿ ಮಂಗಳೂರಿನವಳಾದರೆ ತಕರಾರು ಬರುತ್ತದೆ. ಅದರ ಗೊಡವೆಯೇ ಬೇಡ, ಅಂಗವೈಕಲ್ಯದ ಕಾರಣ ಒಂದೇ ಸಾಕು.

ನೆರವು ಅಂದರೆ ವಕೀಲರ ಫೀಸು ಮಾತ್ರ ಅಲ್ಲ. ಕೋರ್ಟ್ ಶುಲ್ಕ, ಅರ್ಜಿ ಬರೆಯುವುದು, ದಾಖಲೆಗಳ ಭಾಷಾಂತರ ಕೂಡ ಸೇರುತ್ತದೆ. ವೆನ್ಲಾಕಿನ ಕನ್ನಡ ಚೀಟಿ, ಶಾಲೆಯ ಮಲಯಾಳಂ ಕಾಗದ ಎರಡೂ ಇರುವ ನಿಮ್ಮಂಥವರಿಗೆ ಇದು ಸಣ್ಣ ಮಾತಲ್ಲ. 15100 ಸಂಖ್ಯೆಗೆ ಫೋನ್ ಮಾಡಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಬಿಳಿ ಹಾಳೆಯಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ. ಲಕ್ಷದ್ವೀಪದ ಜಿಲ್ಲಾ ನ್ಯಾಯಾಲಯ ಕವರತ್ತಿಯಲ್ಲಿದೆ, ಅರ್ಜಿ ಅಲ್ಲಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಎರ್ನಾಕುಲಂನಲ್ಲಿರುವ ಹೈಕೋರ್ಟ್ ಕಾನೂನು ಸೇವಾ ಸಮಿತಿ ವಕೀಲರನ್ನು ಕೊಡುತ್ತದೆ.

ಈಗ ಕಾನೂನು ಪುಸ್ತಕದಲ್ಲಿ ಇಲ್ಲದ ಮಾತು. ಕಡಮತ್‌ನಂಥ ಜಾಗದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಮೇಷ್ಟ್ರು ಮದುವೆ ಕಡೆಯಿಂದ ನೆಂಟರಿರುತ್ತಾರೆ, ಬಂದರಿನ ಗುಮಾಸ್ತ ಪಕ್ಕದ ಮನೆಯವ. 2011ರ ಜನಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473. ನಮ್ಮ ಕಡೆಯ ಒಂದು ತಾಲ್ಲೂಕಿಗಿಂತ ಎಷ್ಟೋ ಕಡಿಮೆ. ಅಲ್ಲಿ ದೂರು ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. "ಹೊರಗಿನಿಂದ ಬಂದವಳು, ಊರಿನ ಮರ್ಯಾದೆ ತೆಗೆದಳು" ಅನ್ನುವ ಮಾತು ನಿಮ್ಮ ತಂಗಿಯ ಮೇಲೆ ಬರಬಹುದು. ಅವಳು ಇಷ್ಟು ದಿನ ಬರೆದು ಕೇಳದೇ ಇದ್ದದ್ದು ಗೊತ್ತಿಲ್ಲದೆ ಅಲ್ಲ ಅಂತ ನನಗೆ ಅನಿಸುತ್ತದೆ. ಆದ್ದರಿಂದ ನಿಮ್ಮ ಭಾವನನ್ನು ಜೊತೆಗೆ ನಿಲ್ಲಿಸಿಕೊಳ್ಳದೆ ಏನನ್ನೂ ಶುರು ಮಾಡಬೇಡಿ. ಅರ್ಜಿಯಲ್ಲಿ ಇಬ್ಬರ ಸಹಿಯೂ ಇದ್ದರೆ ಒಳ್ಳೆಯದು. ಯಾರ ಹೆಸರನ್ನೂ ಎತ್ತಿ ಬಯ್ಯಬೇಡಿ, ಏನು ಬೇಕೋ ಅದನ್ನಷ್ಟೇ ಕೇಳಿ. ಮೇಷ್ಟ್ರಿಗೂ ಒಂದು ಲಿಖಿತ ಅರ್ಜಿ ಉಪಯೋಗಕ್ಕೆ ಬರುತ್ತದೆ. ಮೇಲಿನವರಿಗೆ "ನೋಡಿ, ಪೋಷಕರು ಕೇಳ್ತಿದ್ದಾರೆ, ರ‍್ಯಾಂಪ್ ಕೊಡಿ" ಅಂತ ಕಳಿಸಲು ಅವರಿಗೂ ಒಂದು ಕಾಗದ ಬೇಕಲ್ಲ. ಇಂಥ ಎಷ್ಟೋ ಜಗಳ ಅಲ್ಲಿಗೇ ಮುಗಿದದ್ದನ್ನು ನೋಡಿದ್ದೇನೆ.

ಮುಗಿಯದಿದ್ದರೆ ಅಂಗವಿಕಲರ ಆಯುಕ್ತರು. ಕೇಂದ್ರಾಡಳಿತ ಪ್ರದೇಶದ ಆಯುಕ್ತರಿಗೆ ದೂರು ಕೊಟ್ಟು, ದೆಹಲಿಯ ಮುಖ್ಯ ಆಯುಕ್ತರಿಗೂ ಪ್ರತಿ ಹಾಕಿ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ, ಅಲ್ಲಿ ಆಡಳಿತ ನಡೆಸುವುದು ಕೇಂದ್ರವೇ, ಹಾಗಾಗಿ ಈ ಪ್ರತಿಗೆ ಅರ್ಥ ಇದೆ. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಇಲಾಖೆ ಮೂರು ತಿಂಗಳಲ್ಲಿ ಪಾಲಿಸಬೇಕು ಅಥವಾ ಯಾಕೆ ಪಾಲಿಸುವುದಿಲ್ಲ ಅಂತ ಹೇಳಬೇಕು. ಹಲ್ಲಿಲ್ಲದ ವ್ಯವಸ್ಥೆ ಅಂತ ಬಹಳ ಜನ ಬಯ್ಯುತ್ತಾರೆ. ನಾನು ಅಷ್ಟು ಬಯ್ಯುವುದಿಲ್ಲ, ಯಾಕೆಂದರೆ ಆಯುಕ್ತರ ಶಿಫಾರಸು ಕೈಯಲ್ಲಿದ್ದು ಇಲಾಖೆ ಸುಮ್ಮನೆ ಕೂತಿದ್ದರೆ, ಸಂವಿಧಾನದ 226ನೇ ವಿಧಿಯಲ್ಲಿ ಕೇರಳ ಹೈಕೋರ್ಟಿಗೆ ಹೋಗುವ ರಿಟ್ ಅರ್ಜಿ ಅರ್ಧ ಗೆದ್ದ ಹಾಗೆ. ಅಲ್ಲಿ ಈಗ ಇ-ಫೈಲಿಂಗ್ ಇದೆ, ವಿಡಿಯೊ ಮೂಲಕ ವಿಚಾರಣೆಯೂ ಇದೆ. ತಂಗಿ ಕೊಚ್ಚಿಗೆ ಹೋಗಬೇಕಾದ ದಿನಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬೇರೆ ದೇಶದವರು ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಅಮೆರಿಕದಲ್ಲಿ 1972ರಲ್ಲಿ ವಿಲೋಬ್ರೂಕ್ ಎಂಬ ಸಂಸ್ಥೆಯೊಳಗಿನ ಮಕ್ಕಳ ದುಸ್ಥಿತಿ ಟಿವಿಯಲ್ಲಿ ಬಯಲಾಯಿತು. 1975ರಲ್ಲಿ, ಪ್ರತಿ ರಾಜ್ಯದಲ್ಲೂ ಅಂಗವಿಕಲರ ಪರ ವಾದಿಸುವ ಒಂದು ಸಂಸ್ಥೆ ಇರಲೇಬೇಕು ಅಂತ ಕಾನೂನು ಬಂತು. ಇಂದು ಗುವಾಮ್, ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾದಂಥ ಚಿಕ್ಕ ದ್ವೀಪಗಳಲ್ಲೂ ಅಂಥ ಸಂಸ್ಥೆ ಇದೆ. ಅದರ ವಕೀಲರು ದೂರು ಬರುವ ತನಕ ಕಾಯುತ್ತಾ ಕೂರಬೇಕಿಲ್ಲ. ಶಾಲೆ, ಆಸ್ಪತ್ರೆ, ಆಶ್ರಯಮನೆಗಳ ಒಳಗೆ ಹೋಗಿ ನೋಡುವ, ದಾಖಲೆ ಕೇಳುವ ಅಧಿಕಾರ ಅವರಿಗೆ ಇದೆ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಬಡ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಮಾಸಾಶನ ಪೋರ್ಟೊರಿಕೊ ದ್ವೀಪದವರಿಗೆ ಕೊಡದಿದ್ದರೂ ತಪ್ಪಲ್ಲ ಅಂತ ಅವರ ಸುಪ್ರೀಂ ಕೋರ್ಟ್ 2022ರಲ್ಲಿ 8-1ರಲ್ಲಿ ತೀರ್ಪು ಕೊಟ್ಟಿತು. ಗುವಾಮ್‌ನವರಿಗೂ ಅದು ಸಿಗುವುದಿಲ್ಲ, ಉತ್ತರ ಮರಿಯಾನಾದವರಿಗೆ ಸಿಗುತ್ತದೆ. ನಮ್ಮಲ್ಲಿ ಹಕ್ಕಿನಲ್ಲಿ ದಡ, ದ್ವೀಪ ಅಂತ ಭೇದ ಇಲ್ಲ. ಆದರೆ ಹುಡುಕಿಕೊಂಡು ಬರುವ ವಕೀಲರೂ ಇಲ್ಲ, ಆ ಕೆಲಸ ನಿಮ್ಮಂಥ ಮಾವಂದಿರ ಪಾಲಿಗೆ ಬರುತ್ತದೆ.

ಕೊನೆಗೆ, ನೀವು ಕೇಳದೇ ಇದ್ದರೂ ಒಂದು ಮಾತು. ಹುಡುಗನಿಗೆ 18 ಆಗುತ್ತಿದ್ದ ಹಾಗೆ "ಗಾರ್ಡಿಯನ್‌ಶಿಪ್ ಮಾಡಿಸಿ" ಅಂತ ಬ್ಯಾಂಕಿನವರಿಂದ ಹಿಡಿದು ನೆಂಟರವರೆಗೆ ಎಲ್ಲರೂ ಹೇಳಲು ಶುರು ಮಾಡುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ ಪಾಲಕರನ್ನು ನೇಮಿಸುವ ಅವಕಾಶ ಇದೆ ನಿಜ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದನ್ನು ಈಗಲೇ ಮಾಡಿಸಿ. ಆದರೆ ಪಾಲಕತ್ವಕ್ಕೆ ಓಡಬೇಡಿ. 2016ರ ಕಾಯ್ದೆಯ 13ನೇ ಕಲಂ ಪ್ರಕಾರ ಅಂಗವಿಕಲ ವ್ಯಕ್ತಿಗೂ ಎಲ್ಲರ ಹಾಗೆಯೇ ಆಸ್ತಿ ಇಟ್ಟುಕೊಳ್ಳುವ, ಬ್ಯಾಂಕ್ ವ್ಯವಹಾರ ಮಾಡುವ, ಸಾಲ ಪಡೆಯುವ ಹಕ್ಕಿದೆ. ನಿಮ್ಮ ಅಳಿಯನಿಗೆ ತೊಂದರೆ ಇರುವುದು ಕಾಲಿನಲ್ಲಿ, ನಾಲಿಗೆಯಲ್ಲಿ. ಸಹಿ ಮಾಡಲು ಕೈ ನಡುಗುತ್ತದೆ ಅಂದರೆ ಹೆಬ್ಬೆಟ್ಟು ಸಾಕು. ಅವನ ಪರವಾಗಿ ಇನ್ನೊಬ್ಬರು ಸಹಿ ಹಾಕುವ ವ್ಯವಸ್ಥೆ ಒಮ್ಮೆ ಮಾಡಿಸಿದರೆ ತೆಗೆಸುವುದು ಬಹಳ ಕಷ್ಟ.